ಸಿಮೋನ್ ವೇಯ್ ಓದಲು ಯಾವ ಪುಸ್ತಕದಿಂದ ಶುರು ಮಾಡಬೇಕು?

ಎಲ್ಲೋ ಒಂದು ಸಾಲು ಕಣ್ಣಿಗೆ ಬಿದ್ದು, ಫ್ರೆಂಚ್ ಚಿಂತಕಿ ಸಿಮೋನ್ ವೇಯ್ ಅವರ ಪುಸ್ತಕ ತರಿಸಿಕೊಂಡು, ಇಪ್ಪತ್ತು ಪುಟ ಓದಿ ಪಕ್ಕಕ್ಕಿಟ್ಟವರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ. ನಾನೂ ಅವರಲ್ಲಿ ಒಬ್ಬಳು. 'ಗ್ರಾವಿಟಿ ಅಂಡ್ ಗ್ರೇಸ್' ನನ್ನ ಕಪಾಟಿನಲ್ಲಿ ಮೂರು ವರ್ಷ ಸುಮ್ನೆ ಕೂತಿತ್ತು. ಆಮೇಲೆ ಅವರದೇ ಇನ್ನೊಂದು ಸಣ್ಣ ಬರಹ ಕೈಗೆ ಸಿಕ್ಕಿತು. ಒಂದೇ ಸಂಜೆಯಲ್ಲಿ ಮುಗಿಸಿದೆ. ರಾತ್ರಿ ಮಲಗುವ ಮುಂಚೆ ಮತ್ತೊಮ್ಮೆ ಓದಿದೆ. ಆ ಮೂರು ವರ್ಷ ನಿಮಗಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಇಂಗ್ಲಿಷ್ ಅಕ್ಷರ ನೋಡಿ 'ವೀಲ್' ಅಂತ ಓದುವವರೇ ಜಾಸ್ತಿ, ಆದರೆ ಉಚ್ಚಾರ 'ವೇಯ್'. ಇದೇ ಉಚ್ಚಾರದ ಇನ್ನೊಬ್ಬ ಸಿಮೋನ್ ಇದ್ದಾರೆ: 1975ರಲ್ಲಿ ಫ್ರಾನ್ಸಿನಲ್ಲಿ ಗರ್ಭಪಾತದ ಕಾನೂನು ತಂದ ಸಚಿವೆ. ಅವರ ಅಡ್ಡಹೆಸರು ಇಂಗ್ಲಿಷಿನ 'ವಿ' ಅಕ್ಷರದಿಂದ ಶುರುವಾಗುತ್ತದೆ, ಇವರದು 'ಡಬ್ಲ್ಯು'ವಿನಿಂದ. ಪುಸ್ತಕ ಹುಡುಕುವಾಗ ಆ ಒಂದು ಅಕ್ಷರ ನೋಡಿಕೊಳ್ಳಿ.

ನಮ್ಮ ಸಿಮೋನ್ ಹುಟ್ಟಿದ್ದು 1909ರ ಫೆಬ್ರವರಿ 3ರಂದು, ಪ್ಯಾರಿಸ್ಸಿನಲ್ಲಿ. ಮನೆಯವರು ಯಹೂದಿಗಳು, ಆದರೆ ಪೂಜೆ ಪ್ರಾರ್ಥನೆ ಅಂತ ಏನೂ ಇಲ್ಲದ ಮನೆ. ಅಪ್ಪ ಡಾಕ್ಟರ್. ಅಣ್ಣ ಆಂದ್ರೆ ವೇಯ್ ಇಪ್ಪತ್ತನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. 1930ರಿಂದ 1932ರವರೆಗೆ ಅಲಿಗಢದಲ್ಲಿ ಪಾಠ ಹೇಳಿದವರು, ಸಂಸ್ಕೃತ ಕಲಿತವರು. ತಂಗಿ ತತ್ವಶಾಸ್ತ್ರದ ಟೀಚರ್ ಆದರು. ಆ ಕೆಲಸಕ್ಕೆ ರಜೆ ಹಾಕಿ ಫ್ಯಾಕ್ಟರಿ ಕೂಲಿಗೆ ಹೋದರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ, ನೆಲದ ಮೇಲಿದ್ದ ಕುದಿಯುವ ಎಣ್ಣೆಯ ಪಾತ್ರೆಗೆ ಕಾಲಿಟ್ಟು, ಸುಟ್ಟ ಕಾಲಿನೊಂದಿಗೆ ವಾಪಸ್ ಬಂದರು. 1938ರಲ್ಲಿ ಕ್ರಿಸ್ತನ ಅನುಭವವಾಯಿತು. ಆದರೂ ಚರ್ಚಿನ ಹೊಸ್ತಿಲಲ್ಲೇ ನಿಂತರು, ದೀಕ್ಷಾಸ್ನಾನ ಬೇಡ ಎಂದರು. 1943ರ ಆಗಸ್ಟ್ 24ರಂದು ಇಂಗ್ಲೆಂಡಿನ ಆಷ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 34 ವರ್ಷ.

ಅವರು ಬದುಕಿದ್ದಾಗ ಅವರ ಒಂದೇ ಒಂದು ಪುಸ್ತಕವೂ ಹೊರಬಂದಿರಲಿಲ್ಲ. ಬಂದದ್ದು ಪತ್ರಿಕೆಗಳಲ್ಲಿ ಲೇಖನಗಳು ಮಾತ್ರ. ಇವತ್ತು ಅಂಗಡಿಯಲ್ಲಿ ಸಿಗುವ ಪುಸ್ತಕಗಳನ್ನೆಲ್ಲ ಅವರು ಹೋದ ಮೇಲೆ ಬೇರೆಯವರು ಜೋಡಿಸಿದ್ದಾರೆ. ಆದ್ದರಿಂದ ಆಯ್ಕೆ ಮಾಡುವಾಗ ನಾನು ಕೇಳುವ ಮೊದಲ ಪ್ರಶ್ನೆ: ಈ ಪುಟಗಳನ್ನು ಹೀಗೆ ಜೋಡಿಸಿದ್ದು ಯಾರು? ಸಿಮೋನ್ ತಾವೇ ಮುಗಿಸಿ ಕೊಟ್ಟದ್ದೋ, ಇಲ್ಲ ಅವರ ನೋಟ್‌ಬುಕ್ಕಿನಿಂದ ಇನ್ನೊಬ್ಬರು ಆರಿಸಿದ್ದೋ? ಇದೊಂದು ಗೊತ್ತಾದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಎಲ್ಲರೂ ಹೇಳುವ ಪುಸ್ತಕ

'ಗ್ರಾವಿಟಿ ಅಂಡ್ ಗ್ರೇಸ್', ಅಂದರೆ 'ಭಾರ ಮತ್ತು ಕೃಪೆ', 1947ರಲ್ಲಿ ಫ್ರೆಂಚಿನಲ್ಲಿ ಬಂತು. ಅವರಿಗೆ ಹೆಸರು ತಂದದ್ದೇ ಇದು. ಇದು ಹುಟ್ಟಿದ ಕಥೆ ಹೀಗಿದೆ. 1941ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಗುಸ್ತಾವ್ ತಿಬೋ ಎಂಬ ರೈತ-ಲೇಖಕರ ಊರಿಗೆ ಸಿಮೋನ್ ಹೊಲದ ಕೆಲಸಕ್ಕೆ ಹೋಗಿದ್ದರು. ಅವರ ಮನೆಯಲ್ಲಿ ಚೆನ್ನಾಗಿರುವ ಕೋಣೆ ಬೇಡ ಅಂತ ಹತ್ತಿರದ ಪಾಳುಬಿದ್ದ ಮನೆಯೊಂದರಲ್ಲಿ ಉಳಿದುಕೊಂಡರು. ಮರುವರ್ಷ ದೇಶ ಬಿಡುವ ಮುಂಚೆ ತಮ್ಮ ನೋಟ್‌ಬುಕ್ಕುಗಳ ಕಟ್ಟನ್ನು ತಿಬೋ ಕೈಗೆ ಕೊಟ್ಟು ಹೊರಟರು. ಅವರು ತೀರಿಕೊಂಡ ಮೇಲೆ ತಿಬೋ ಅದರಿಂದ ಸಾಲುಗಳನ್ನು ಆರಿಸಿ, ವಿಷಯವಾರು ಜೋಡಿಸಿ, ತಲೆಬರಹ ಕೊಟ್ಟರು.

ಪ್ರೀತಿಯಿಂದ ಮಾಡಿದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ಸಿಮೋನ್ ಯೋಚಿಸುತ್ತಾ ಯೋಚಿಸುತ್ತಾ ಗೀಚಿದ್ದು ಇಲ್ಲಿ ತೀರ್ಪಿನ ಹಾಗೆ ಕೇಳಿಸುತ್ತದೆ. ಮುಂಚೆ ಏನು ಬರೆದಿದ್ದರು, ಆಮೇಲೆ ಯಾವ ಅನುಮಾನ ಬಂತು, ಎರಡೂ ಕಾಣುವುದಿಲ್ಲ. ಕಲ್ಲು ಬಿಟ್ಟರೆ ಕೆಳಗೆ ಬೀಳುವ ಹಾಗೆ ಮನಸ್ಸೂ ತನ್ನ ಪಾಡಿಗೆ ಬಿಟ್ಟರೆ ಕೆಳಕ್ಕೇ ಜಾರುತ್ತದೆ, ಅದನ್ನು ಮೇಲೆತ್ತುವುದು ಕೃಪೆಯೊಂದೇ ಎಂಬುದು ಪುಸ್ತಕದ ಬೆನ್ನೆಲುಬು. ನಮಗೆ ಯಾರಾದರೂ ನೋವು ಕೊಟ್ಟರೆ ಅದನ್ನು ಇನ್ನೊಬ್ಬರ ಮೇಲೆ ಇಳಿಸುತ್ತೇವಲ್ಲ, ಅದೂ ಅವರ ಲೆಕ್ಕದಲ್ಲಿ ಈ ಭಾರವೇ. ತಲೆನೋವು ಜೋರಾದಾಗ ಇನ್ನೊಬ್ಬರ ಹಣೆಗೆ ಸರಿಯಾಗಿ ಅದೇ ಜಾಗಕ್ಕೆ ಹೊಡೆಯಬೇಕು ಅನ್ನಿಸುತ್ತಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಇಂಥ ಸಾಲು ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಮುಂದಿನ ಪುಟದಲ್ಲೇ 'ನಾನು' ಎಂಬುದನ್ನು ಅಳಿಸಿಹಾಕಬೇಕು ಎಂಬ ಮಾತು ಬರುತ್ತದೆ, ಹಿಂದುಮುಂದಿನ ವಿವರಣೆ ಏನೂ ಇಲ್ಲದೆ. ಯಹೂದಿ ಧರ್ಮದ ಬಗ್ಗೆ ಇರುವ ಮಾತುಗಳಂತೂ ಬಹಳ ಕಟು. ನಾಜಿಗಳು ಯಹೂದಿಗಳ ನರಮೇಧ ನಡೆಸುತ್ತಿದ್ದ ವರ್ಷಗಳಲ್ಲೇ, ಯಹೂದಿಯಾಗಿ ಹುಟ್ಟಿದವರೇ ಹೀಗೆ ಬರೆದದ್ದು ಅರಗಿಸಿಕೊಳ್ಳಲು ಕಷ್ಟ. ತತ್ವಜ್ಞಾನಿ ಲೆವಿನಾಸ್ 1952ರಲ್ಲೇ ಇದನ್ನು ಎದುರಿಸಿ ಬರೆದರು. ಆ ಟೀಕೆ ನ್ಯಾಯವಾದದ್ದು ಅಂತಲೇ ನನಗೆ ಅನ್ನಿಸುತ್ತದೆ.

ಹಾಗಾಗಿ ಇದನ್ನು ಬೇಡ ಅನ್ನುವುದಿಲ್ಲ. ಮೂರನೆಯದಾಗಿ ಓದಿ. ಇನ್ನೊಂದು ಮಾತನ್ನು ಮನಸಾರೆ ಹೇಳುತ್ತೇನೆ: ಊಟ ಬಿಡುವುದು, ಮೈಯನ್ನು ದಂಡಿಸುವುದು, ತಾನು ಇಲ್ಲವಾದರೇ ಒಳ್ಳೆಯದು ಅನ್ನಿಸುವುದು, ಇಂಥ ಕಷ್ಟದಲ್ಲಿ ನೀವು ಈಗ ಇದ್ದರೆ ಈ ಪುಸ್ತಕವನ್ನು ಒಬ್ಬರೇ ಕೂತು ಓದಬೇಡಿ. ಹತ್ತಿರದವರ ಜೊತೆ ಮಾತಾಡಿ. ಪುಸ್ತಕ ಎಲ್ಲೂ ಹೋಗುವುದಿಲ್ಲ.

ಒಂದು ಸಂಜೆಯ ಓದು: ಇಲಿಯಡ್ ಪ್ರಬಂಧ

ನನ್ನ ಆಯ್ಕೆ ಇದು. 'ದಿ ಇಲಿಯಡ್, ಆರ್ ದಿ ಪೊಯೆಮ್ ಆಫ್ ಫೋರ್ಸ್'. ಸಿಮೋನ್ ತಾವೇ ಪೂರ್ತಿ ಮಾಡಿ ಅಚ್ಚಿಗೆ ಕೊಟ್ಟದ್ದು. 1940ರ ಡಿಸೆಂಬರ್ ಮತ್ತು 1941ರ ಜನವರಿಯಲ್ಲಿ ಮಾರ್ಸೆಯ್ ಊರಿನ ಒಂದು ಸಾಹಿತ್ಯ ಪತ್ರಿಕೆಯಲ್ಲಿ ಎರಡು ಕಂತಿನಲ್ಲಿ ಬಂತು. ಆಗ ಫ್ರಾನ್ಸ್ ಸೋತಿತ್ತು, ಯಹೂದಿಗಳ ವಿರುದ್ಧ ಕಾನೂನುಗಳು ಬಂದಿದ್ದವು. ಹಾಗಾಗಿ ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ 'ಎಮಿಲ್ ನೊವಿಸ್' ಎಂಬ ಹೆಸರಿನಲ್ಲಿ ಬರೆದರು.

ಅವರ ಮಾತು ಸರಳ. ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಗ್ರೀಕ್ ಕಾವ್ಯ ಇಲಿಯಡ್‌ನ ನಾಯಕ ಗ್ರೀಕರ ವೀರ ಅಕಿಲೀಸೂ ಅಲ್ಲ, ಟ್ರಾಯ್ ಕಡೆಯ ವೀರ ಹೆಕ್ಟರೂ ಅಲ್ಲ. ಬಲವೇ ನಾಯಕ. ಬಲ ಯಾರ ಮೇಲೆ ಬೀಳುತ್ತದೋ ಅವರನ್ನು ವಸ್ತು ಮಾಡಿಬಿಡುತ್ತದೆ. ಕೊಂದರೆ ಹೆಣ, ಅದೂ ಒಂದು ವಸ್ತು. ಕೊಲ್ಲದೆ ಬಿಟ್ಟರೂ, ಉಸಿರಾಡುತ್ತಿರುವ ಮನುಷ್ಯ ವಸ್ತುವಿನ ಹಾಗೆ ಆಗುತ್ತಾನೆ. ಇನ್ನು ಬಲ ಕೈಯಲ್ಲಿದೆ ಅಂದುಕೊಂಡವನೂ ಅದರ ಅಮಲಿನಲ್ಲಿ ಹಾಳಾಗುತ್ತಾನೆ. ಇವತ್ತು ಗೆದ್ದವನು ನಾಳೆ ಮಣ್ಣಲ್ಲಿ.

ಶುರುವಿನಲ್ಲೇ ಒಂದು ದೃಶ್ಯ ಎತ್ತಿಕೊಳ್ಳುತ್ತಾರೆ. ಟ್ರಾಯ್ ಕೋಟೆಯೊಳಗೆ ಹೆಕ್ಟರನ ಹೆಂಡತಿ ಆಂಡ್ರೊಮಕಿ ದಾಸಿಯರಿಗೆ ದೊಡ್ಡ ಹಂಡೆಯನ್ನು ಒಲೆಗೇರಿಸಲು ಹೇಳುತ್ತಾಳೆ. ಗಂಡ ಯುದ್ಧದಿಂದ ದಣಿದು ಬರುತ್ತಾನೆ, ಬಿಸಿನೀರು ಕಾದಿರಲಿ ಎಂದು. ಅಷ್ಟು ಹೊತ್ತಿಗೆ ಹೆಕ್ಟರ್ ಸತ್ತು ಹೋಗಿದ್ದಾನೆ, ಅವಳಿಗೆ ಗೊತ್ತಿಲ್ಲ. ಇಲ್ಲಿ ಸಿಮೋನ್ ಒಂದು ಮಾತು ಸೇರಿಸುತ್ತಾರೆ: ಆ ಬಿಸಿನೀರಿನಿಂದ ಅವನೊಬ್ಬನೇ ದೂರವಿದ್ದದ್ದಲ್ಲ, ಹೆಚ್ಚೂಕಡಿಮೆ ಇಡೀ ಇಲಿಯಡ್ ನಡೆಯುವುದೇ ಬಿಸಿನೀರಿನ ಸ್ನಾನದಿಂದ ದೂರದಲ್ಲಿ, ಮನುಷ್ಯರ ಬದುಕಿನ ಹೆಚ್ಚಿನ ಪಾಲು ನಡೆಯುವುದೂ ಅಲ್ಲೇ. ಹಂಡೆಯಿಂದ ಆವಿ ಏಳುವುದು, ಅವಳು ಕಾಯುವುದು, ಅವನು ಬರದೇ ಇರುವುದು. ನಾನು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತೆ. ಅವರ ಇಡೀ ವಿಚಾರವೇ ಆ ಹಂಡೆಯಲ್ಲಿದೆ ಅನ್ನಿಸಿತು.

ಗ್ರೀಕ್ ಕಾವ್ಯ ಓದಿಲ್ಲ ಅಂತ ಹಿಂಜರಿಯಬೇಡಿ. ಬೇಕಾದ ಸಾಲುಗಳನ್ನೆಲ್ಲ ಅವರೇ ಅನುವಾದಿಸಿ ಕೊಟ್ಟಿದ್ದಾರೆ. ಕುರುಕ್ಷೇತ್ರದ ಕಥೆ ಕೇಳಿ ಬೆಳೆದವರಿಗೆ ಗೆದ್ದವರ ಮನೆಯ ಅಳು ಹೊಸದಲ್ಲ, ಅಲ್ವಾ? ಮೇರಿ ಮೆಕಾರ್ಥಿ 1945ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಹಳೆಯದಾದರೂ ಓದಲು ಹಿತ. ಶಾನ್ ಮೈಲ್ಸ್ ಸಂಪಾದಿಸಿದ ಆಯ್ದ ಬರಹಗಳ ಸಂಪುಟದಲ್ಲೂ ಈ ಪ್ರಬಂಧ ಇದೆ. ಒಂದೇ ಪುಸ್ತಕ ಕೊಳ್ಳುವ ದುಡ್ಡಿದ್ದರೆ ಆ ಸಂಪುಟ ತಗೊಳ್ಳಿ.

ದೇವರ ಕಡೆಯಿಂದ ಬರುವವರಿಗೆ, ಸಮಾಜದ ಕಡೆಯಿಂದ ಬರುವವರಿಗೆ

ಎರಡನೆಯ ಪುಸ್ತಕ ಯಾವುದು ಅನ್ನುವಲ್ಲಿ ದಾರಿ ಕವಲೊಡೆಯುತ್ತದೆ. 'ವೇಟಿಂಗ್ ಫಾರ್ ಗಾಡ್' ಒಂದು ಕಡೆ, 'ದಿ ನೀಡ್ ಫಾರ್ ರೂಟ್ಸ್' ಇನ್ನೊಂದು ಕಡೆ. ಎರಡೂ ಅವರ ಕೊನೆಯ ಎರಡು ವರ್ಷಗಳಲ್ಲಿ ಬರೆದದ್ದು. ಆದರೆ ಒಂದೇ ಕೈ ಬರೆದದ್ದು ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

'ವೇಟಿಂಗ್ ಫಾರ್ ಗಾಡ್' 1950ರಲ್ಲಿ ಬಂದದ್ದು. ಪೆರ‍್ಯಾ ಎಂಬ ಪಾದ್ರಿಗೆ ಬರೆದ ಪತ್ರಗಳು, ಜೊತೆಗೆ ಕೆಲವು ಪ್ರಬಂಧಗಳು. ಪೆರ‍್ಯಾ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಅವರೇ ಸಿಮೋನ್ ಜೊತೆ ದೀಕ್ಷೆಯ ಬಗ್ಗೆ ತಿಂಗಳುಗಟ್ಟಲೆ ಮಾತಾಡಿದವರು. ಇದನ್ನು ಜೋಡಿಸಿದ್ದೂ ಬೇರೆಯವರೇ, ಆದರೆ ಒಂದೊಂದು ಪತ್ರವೂ ಒಂದೊಂದು ಪ್ರಬಂಧವೂ ಇಡಿಯಾಗಿದೆ. 1942ರ ಮೇ ತಿಂಗಳಲ್ಲಿ, ಹಡಗು ಹತ್ತುವ ಹೊತ್ತಿನಲ್ಲಿ ಬರೆದ ಉದ್ದ ಪತ್ರವೇ ಅವರ ಆಧ್ಯಾತ್ಮಿಕ ಆತ್ಮಕಥೆ. ಪೋರ್ಚುಗಲ್ಲಿನ ಬಡ ಮೀನುಗಾರರ ಹಳ್ಳಿಯಲ್ಲಿ ರಾತ್ರಿ ಹೆಂಗಸರು ಮೇಣದಬತ್ತಿ ಹಿಡಿದು ದೋಣಿಗಳ ಸುತ್ತ ಹಾಡುತ್ತಾ ಹೋದದ್ದು, ಇಟಲಿಯ ಅಸಿಸಿಯಲ್ಲಿ ಬದುಕಿನಲ್ಲೇ ಮೊದಲ ಸಲ ಮಂಡಿಯೂರಿದ್ದು, ಫ್ರಾನ್ಸಿನ ಸೊಲೆಮ್ ಮಠದಲ್ಲಿ ತಲೆನೋವಿನ ನಡುವೆ ಕೇಳಿದ ಸಂಗೀತ, ಎಲ್ಲವೂ ಅದರಲ್ಲಿದೆ. 1940ರ ವಸಂತದಲ್ಲಿ ಭಗವದ್ಗೀತೆ ಓದಿದ್ದನ್ನೂ ಹೇಳುತ್ತಾರೆ. ಆ ಮಾತುಗಳು ತಮಗೆ ಎಷ್ಟು ಕ್ರೈಸ್ತವಾಗಿ ಕೇಳಿಸಿದವು ಎನ್ನುತ್ತಾರೆ. ಗೀತೆಯನ್ನು ಮನೆಯ ಪುಸ್ತಕವಾಗಿ ಕಂಡವರಿಗೆ ಇಲ್ಲಿ ಸ್ವಲ್ಪ ಕಸಿವಿಸಿಯಾಗಬಹುದು, ನನಗೂ ಆಯಿತು. ಆದರೆ ಅವರು ಮೇಲ್ಮೇಲೆ ಓದಿ ಬಿಟ್ಟವರಲ್ಲ. ಮಾರ್ಸೆಯ್‌ನಲ್ಲಿ ಕವಿ ರೆನೆ ದೋಮಾಲ್ ಹತ್ತಿರ ಸಂಸ್ಕೃತ ಕಲಿಯಲು ಕೂತರು.

ಈ ಪುಸ್ತಕದಲ್ಲಿ ಶಾಲೆಯ ಓದಿನ ಬಗ್ಗೆ ಒಂದು ಪುಟ್ಟ ಪ್ರಬಂಧ ಇದೆ. ಮೇಷ್ಟ್ರು, ಟೀಚರ್, ಮಕ್ಕಳಿರುವ ಅಪ್ಪ ಅಮ್ಮ, ನೀವು ಇದರಿಂದಲೇ ಶುರು ಮಾಡಿದರೂ ಸರಿ. "ಗಮನ ಕೊಡಿ" ಅಂತ ಹೇಳಿದ ತಕ್ಷಣ ಮಕ್ಕಳು ಹುಬ್ಬು ಗಂಟು ಹಾಕಿ, ಉಸಿರು ಬಿಗಿಹಿಡಿದು ಕೂರುತ್ತಾರೆ. ಎರಡು ನಿಮಿಷ ಬಿಟ್ಟು ಯಾವುದಕ್ಕೆ ಗಮನ ಕೊಟ್ಟೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಅವರು ಗಮನ ಕೊಟ್ಟಿರಲಿಲ್ಲ, ಮೈ ಬಿಗಿದಿದ್ದರು ಅಷ್ಟೇ, ಎನ್ನುತ್ತಾರೆ ಸಿಮೋನ್. ರೇಖಾಗಣಿತದ ಲೆಕ್ಕದ ಮುಂದೆ ಒಂದು ಗಂಟೆ ಕೂತು ಉತ್ತರ ಬಾರದಿದ್ದರೂ ಆ ಗಂಟೆ ವ್ಯರ್ಥವಲ್ಲ. ಆ ಗಮನವೇ ಮುಂದೆ ಪ್ರಾರ್ಥನೆಗೆ ಬೇಕಾದದ್ದು. ಕಷ್ಟದಲ್ಲಿರುವವರನ್ನು "ನಿನಗೆ ಏನಾಗ್ತಿದೆ?" ಅಂತ ಕೇಳಿ, ಉತ್ತರ ಬರುವವರೆಗೆ ಕಾಯುವುದಕ್ಕೂ ಬೇಕಾದದ್ದು. ಕನ್ನಡದಲ್ಲಿ 'ಕಾಯುವುದು' ಅಂದರೆ ದಾರಿ ನೋಡುವುದೂ ಹೌದು, ಹೊಲ ಕಾಯುವ ಹಾಗೆ ಎಚ್ಚರವಾಗಿ ನೋಡಿಕೊಳ್ಳುವುದೂ ಹೌದು. ಪುಸ್ತಕದ ಶೀರ್ಷಿಕೆಯಲ್ಲಿರುವ ಕಾಯುವಿಕೆ ಈ ಎರಡೂ ಕೂಡಿದ್ದು ಅಂತ ನನ್ನ ಅನಿಸಿಕೆ. ಕೊನೆಯ ವರ್ಷ ಲಂಡನ್ನಿನಲ್ಲಿ ಬಾಡಿಗೆಗಿದ್ದ ಮನೆಯ ಹುಡುಗರಿಗೆ ಹೋಮ್‌ವರ್ಕ್ ಹೇಳಿಕೊಡುತ್ತಿದ್ದರು ಎಂದು ಓದಿದಾಗ ನನಗೆ ಈ ಪ್ರಬಂಧವೇ ನೆನಪಾಯಿತು.

ಇನ್ನು 'ದಿ ನೀಡ್ ಫಾರ್ ರೂಟ್ಸ್'. 1943ರ ಮೊದಲ ತಿಂಗಳುಗಳಲ್ಲಿ, ಲಂಡನ್ನಿನಲ್ಲಿ, ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಫ್ರೆಂಚ್ ಜನರಲ್ ದ ಗಾಲ್ ಅವರ ಸ್ವತಂತ್ರ ಫ್ರಾನ್ಸ್ ಕಚೇರಿಯಲ್ಲಿ ಕೂತು ಬರೆದದ್ದು. ಯುದ್ಧ ಮುಗಿದ ಮೇಲೆ ಫ್ರಾನ್ಸನ್ನು ಮತ್ತೆ ಹೇಗೆ ಕಟ್ಟಬೇಕು ಎಂಬುದು ವಿಷಯ. ಬರೆದು ಮುಗಿಯಲಿಲ್ಲ. 1949ರಲ್ಲಿ ಕಾದಂಬರಿಕಾರ ಆಲ್ಬೇರ್ ಕಮೂ ತಮ್ಮ ಪುಸ್ತಕ ಮಾಲಿಕೆಯಲ್ಲಿ ಪ್ರಕಟಿಸಿದರು. ಹಕ್ಕುಗಳಿಗಿಂತ ಮುಂಚೆ ಹೊಣೆ ಎಂಬುದು ಮೊದಲ ಮಾತು. ಹಸಿದವರಿಗೆ ಅನ್ನ ಕೊಡುವುದು ಹೇಗೆ ಹೊಣೆಯೋ ಹಾಗೆ ಮನುಷ್ಯರ ಆತ್ಮಕ್ಕೂ ಹಸಿವುಗಳಿವೆ, ಅವನ್ನೂ ನೋಡಿಕೊಳ್ಳಬೇಕು ಎಂದು ಒಂದೊಂದೇ ಹೇಳುತ್ತಾ ಹೋಗುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಆದರೆ ಯಾರೂ ಲೆಕ್ಕಕ್ಕೆ ಹಿಡಿಯದ್ದು ಬೇರು. ಯುದ್ಧ, ದುಡ್ಡು, ವಸಾಹತು ಆಳ್ವಿಕೆ ಜನರ ಬೇರು ಕೀಳುತ್ತವೆ. ಬೇರು ಕಿತ್ತವರು ಇನ್ನೊಬ್ಬರ ಬೇರು ಕೀಳುತ್ತಾರೆ. ತಮ್ಮ ದೇಶ ಜರ್ಮನಿಯ ಕಾಲಡಿಯಲ್ಲಿದ್ದಾಗಲೂ, ಆ ದೇಶ ತನ್ನ ವಸಾಹತುಗಳಲ್ಲಿ ಮಾಡಿದ್ದೂ ಇದನ್ನೇ ಎಂದು ಬರೆಯುವ ಧೈರ್ಯ ಅವರಿಗಿತ್ತು. ಪುಸ್ತಕದ ಕೊನೆಯಲ್ಲಿ ಮೈಮುರಿದು ಮಾಡುವ ದುಡಿಮೆಯನ್ನೇ ಸಮಾಜದ ಆಧ್ಯಾತ್ಮದ ಕೇಂದ್ರದಲ್ಲಿ ಇಡುತ್ತಾರೆ. ಕಾಯಕ ಎಂಬ ಪದ ನಮ್ಮ ಬಾಯಿಗೆ ತಾನಾಗಿಯೇ ಬರುತ್ತದೆ.

ಎರಡರಲ್ಲಿ ಯಾವುದು? ಪ್ರಾರ್ಥನೆ, ಭಕ್ತಿ, ನಂಬಿಕೆ-ಅನುಮಾನ ನಿಮ್ಮ ವಿಷಯವಾದರೆ ಮೊದಲನೆಯದು. ರಾಜಕೀಯ, ಶಿಕ್ಷಣ, ಹಳ್ಳಿ ಬಿಟ್ಟು ಬಂದವರ ಪಾಡು ನಿಮ್ಮನ್ನು ಕಾಡುತ್ತಿದ್ದರೆ ಎರಡನೆಯದು. ಎರಡನೆಯದು ದಪ್ಪ, ನಡುವೆ ಫ್ರಾನ್ಸಿನ ಇತಿಹಾಸ ಜಾಸ್ತಿ ಬರುತ್ತದೆ, ಅಲ್ಲಿ ಬೇಜಾರಾದರೆ ದಾಟಿ ಮುಂದೆ ಹೋಗಿ. ಹಳೆಯ ಇಂಗ್ಲಿಷ್ ಅನುವಾದ 1952ರದ್ದು, ಟಿ.ಎಸ್. ಎಲಿಯಟ್ ಮುನ್ನುಡಿ ಇದೆ. 2023ರಲ್ಲಿ ರಾಸ್ ಶ್ವಾರ್ಟ್ಸ್ ಮಾಡಿದ ಹೊಸ ಅನುವಾದ ಪೆಂಗ್ವಿನ್‌ನಿಂದ ಬಂದಿದೆ. ನಾನಾದರೆ ಹೊಸದನ್ನು ಓದಿ, ಎಲಿಯಟ್ ಮುನ್ನುಡಿಯನ್ನು ಲೈಬ್ರರಿಯಲ್ಲಿ ನೋಡುತ್ತೇನೆ.

ಫ್ಯಾಕ್ಟರಿ ಡೈರಿ

ತತ್ವಶಾಸ್ತ್ರ ಅಂದರೆ ದೂರ ಓಡುವವರಿಗೆ ಇದು. 1934ರ ಡಿಸೆಂಬರಿನಿಂದ 1935ರ ಆಗಸ್ಟ್‌ವರೆಗೆ, ನಡುನಡುವೆ ಕಾಯಿಲೆ ಬಿದ್ದು, ಕೆಲಸ ಕಳೆದುಕೊಂಡು, ಸಿಮೋನ್ ಮೂರು ಫ್ಯಾಕ್ಟರಿಗಳಲ್ಲಿ ದುಡಿದರು. ಮೊದಲನೆಯದು ಆಲ್‌ಸ್ತೋಮ್, ಕೊನೆಯದು ರೆನೋ. ಡೈರಿಯಲ್ಲಿ ಇರುವುದು ಎಷ್ಟು ಪೀಸ್ ಮಾಡಿದೆ, ಎಷ್ಟು ಕೆಟ್ಟಿತು, ಎಷ್ಟು ದುಡ್ಡು ಬಂತು ಎಂಬ ಲೆಕ್ಕ. ಆ ಲೆಕ್ಕದ ನಡುವೆ ಮನುಷ್ಯರು ಇಣುಕುತ್ತಾರೆ. ಆಗ ಗೆಳತಿಯೊಬ್ಬರಿಗೆ ಬರೆದ ಪತ್ರದಲ್ಲಿ ಕುಲುಮೆಯ ಕೆಲಸದ ವಿವರ ಇದೆ. ಬೆಂಕಿಯ ನಾಲಿಗೆ ಕೈ ಸುಡುತ್ತಿತ್ತು. ಎದುರಿಗೆ ನೀಲಿ ಕನ್ನಡಕ ಹಾಕಿಕೊಂಡು ಒಬ್ಬ ವೆಲ್ಡರ್ ಕೂತಿರುತ್ತಿದ್ದ. ನೋವಿಗೆ ಇವರ ಮುಖ ಕಿವುಚಿದಾಗಲೆಲ್ಲ ಅವನು ಒಂದು ಸಣ್ಣ, ಮರುಕದ ನಗು ನಗುತ್ತಿದ್ದ. ಆ ನಗು ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳತೀರದು ಅಂತ ಬರೆದಿದ್ದಾರೆ.

ಇನ್ನೊಂದು ದಿನ ಬಸ್ ಹತ್ತಿದಾಗ ಇದ್ದಕ್ಕಿದ್ದಂತೆ ಆಶ್ಚರ್ಯವಾಗುತ್ತದೆ: ಗುಲಾಮಳಾದ ನಾನು, ಎಲ್ಲರ ಹಾಗೆ 12 ಸೂ (ಫ್ರಾನ್ಸಿನ ಚಿಲ್ಲರೆ ಕಾಸು) ಕೊಟ್ಟು, ಈ ಬಸ್ಸಲ್ಲಿ ಕೂರಬಹುದಾ! ಯಾರಾದರೂ ಗದರಿಸಿ ಇಳಿಸಿದ್ದರೂ ಅದೇ ಸಹಜ ಅನ್ನಿಸುತ್ತಿತ್ತಂತೆ. ದೊಡ್ಡ ಕಾಲೇಜಿನಲ್ಲಿ ಓದಿದ, ಡಾಕ್ಟರ್ ಮಗಳಾದ 26 ವರ್ಷದವರಿಗೆ ಕೆಲವೇ ತಿಂಗಳಲ್ಲಿ ಹೀಗಾಯಿತು. ಐದು ವರ್ಷ ಬಿಟ್ಟು ಇಲಿಯಡ್ ಪ್ರಬಂಧದಲ್ಲಿ "ಬಲ ಮನುಷ್ಯರನ್ನು ವಸ್ತು ಮಾಡುತ್ತದೆ" ಎಂದು ಬರೆದಾಗ, ಅದು ಪುಸ್ತಕದಿಂದ ಎತ್ತಿದ ಮಾತಾಗಿರಲಿಲ್ಲ. ಇಲಿಯಡ್ ಪ್ರಬಂಧ ಆದ ಮೇಲೆ ಈ ಡೈರಿ ಓದಿದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಡೈರಿ 'ಫಾರ್ಮೆಟಿವ್ ರೈಟಿಂಗ್ಸ್' ಎಂಬ ಸಂಪುಟದಲ್ಲಿದೆ.

ಉಳಿದವು ಬೇಗ ಹೇಳುತ್ತೇನೆ. ರಾಜಕೀಯ ಪಕ್ಷಗಳನ್ನೇ ರದ್ದು ಮಾಡಬೇಕು ಎಂಬ ಚಿಕ್ಕ ಬರಹ ಚುರುಕಾಗಿದೆ, ಗೆಳೆಯರ ಜೊತೆ ವಾದಕ್ಕೆ ಚೆನ್ನ, ಆದರೆ ಅವರನ್ನು ಅರಿಯಲು ಅದೊಂದೇ ಸಾಲದು. ಪೂರ್ತಿ ನೋಟ್‌ಬುಕ್ಕುಗಳು ಸಂಶೋಧನೆ ಮಾಡುವವರಿಗೆ. ರೊವಾನ್ ಊರಿನಲ್ಲಿ 1933-34ರಲ್ಲಿ ಮಾಡಿದ ಪಾಠಗಳನ್ನು ಒಬ್ಬ ವಿದ್ಯಾರ್ಥಿನಿ ಬರೆದುಕೊಂಡದ್ದು ಪುಸ್ತಕವಾಗಿದೆ, ತತ್ವಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರಿಗೆ ಉಪಯೋಗ.

ಜೀವನಚರಿತ್ರೆ ಓದಬೇಕೆ?

ಓದಿ, ಆದರೆ ಮೊದಲೇ ಬೇಡ. ಅವರ ಬದುಕು ಎಷ್ಟು ವಿಚಿತ್ರವೆಂದರೆ, ಅದನ್ನು ಮೊದಲು ತಿಳಿದುಕೊಂಡರೆ ಬರಹಕ್ಕೆ ಜಾಗವೇ ಉಳಿಯುವುದಿಲ್ಲ. ಸಿಮೋನ್ ಪೆತ್ರಮಾ ಬರೆದದ್ದು ದೊಡ್ಡದು. ಅವರು ವೇಯ್ ಅವರ ಸಹಪಾಠಿ, ಗೆಳತಿ. ವಿವರಗಳ ಗಣಿ. ಫ್ರಾನ್ಸಿನ್ ದು ಪ್ಲೆಸಿ ಗ್ರೇ ಬರೆದದ್ದು ಚಿಕ್ಕದು, ವಾರಾಂತ್ಯದಲ್ಲಿ ಮುಗಿಯುತ್ತದೆ. ಅಣ್ಣನ ಮಗಳು ಸಿಲ್ವಿ ವೇಯ್ ಬರೆದದ್ದು ಬೇರೆಯೇ ತರಹ: ಅತ್ತೆಯದೇ ಮುಖಚಹರೆ ಹೊತ್ತು, ಅವರ ನೆರಳಿನಲ್ಲಿ ಬೆಳೆದ ಹುಡುಗಿಯ ಮಾತು. ಮೂರರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ.

ಯಾವುದನ್ನು ಓದಿದರೂ ಕೊನೆಯ ತಿಂಗಳುಗಳು ಕಷ್ಟ. ಫ್ರಾನ್ಸಿನಲ್ಲಿ ಜನ ರೇಷನ್ನಿನಲ್ಲಿ ಬದುಕುತ್ತಿದ್ದಾರೆ, ಅದಕ್ಕಿಂತ ಜಾಸ್ತಿ ನನಗೆ ಬೇಡ ಎಂದು ಊಟ ಕಡಿಮೆ ಮಾಡಿದರು. 1943ರ ಏಪ್ರಿಲ್‌ನಲ್ಲಿ ಕ್ಷಯ ಎಂದು ಗೊತ್ತಾಯಿತು. ಡಾಕ್ಟರ್‌ಗಳು ಚೆನ್ನಾಗಿ ತಿನ್ನಬೇಕು ಎಂದರು, ಸಿಮೋನ್ ಅವರಿಂದ ಆಗಲಿಲ್ಲ. ಸಾವಿನ ವಿಚಾರಣೆ ಮಾಡಿದ ಅಧಿಕಾರಿ, ಮನಸ್ಸಿನ ಸ್ಥಿಮಿತ ತಪ್ಪಿ, ಊಟ ನಿರಾಕರಿಸಿ ಪ್ರಾಣ ಕಳೆದುಕೊಂಡರು ಎಂದು ದಾಖಲಿಸಿದರು. ಸಂತಳ ಉಪವಾಸ ಎಂದು ಕೆಲವರು, ಕಾಯಿಲೆ ಎಂದು ಕೆಲವರು ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಆ ಸಾವಿನಲ್ಲಿ ಅನುಕರಿಸುವಂಥದ್ದು ಏನೂ ಕಾಣುವುದಿಲ್ಲ. ಇನ್ನೂ ಎಷ್ಟೋ ಬರೆಯಬೇಕಾಗಿದ್ದವರು ಹೋದರಲ್ಲ ಎಂಬ ಸಂಕಟ ಮಾತ್ರ.

ಯಾವ ಪುಸ್ತಕ ತಗೊಂಡರೂ ಜೊತೆಗೆ ಜಾರ್ಜ್ ಹರ್ಬರ್ಟ್ ಎಂಬ ಹದಿನೇಳನೇ ಶತಮಾನದ ಇಂಗ್ಲಿಷ್ ಕವಿಯ 'ಲವ್' ಎಂಬ ಕವಿತೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಹೆಸರಿನ ಅವನ ಮೂರು ಕವಿತೆಗಳಲ್ಲಿ ಕೊನೆಯದು, ಬರೀ 18 ಸಾಲು. ಸಿಮೋನ್ ಅದನ್ನು ಬಾಯಿಪಾಠ ಮಾಡಿ, ತಲೆನೋವು ತಡೆಯಲಾರದಷ್ಟು ಬಂದಾಗ ಮನಸ್ಸಿಟ್ಟು ಹೇಳಿಕೊಳ್ಳುತ್ತಿದ್ದರು. ಚೆಂದದ ಕವಿತೆ ಎಂದುಕೊಂಡಿದ್ದೆ, ಅದು ಪ್ರಾರ್ಥನೆಯಾಗಿತ್ತು ಎಂದು ಪೆರ‍್ಯಾ ಅವರಿಗೆ ಬರೆದರು. ಕ್ರಿಸ್ತ ತಮ್ಮನ್ನು ತನ್ನವಳನ್ನಾಗಿ ಮಾಡಿಕೊಂಡದ್ದು ಹಾಗೆ ಹೇಳಿಕೊಳ್ಳುತ್ತಿದ್ದ ಒಂದು ಹೊತ್ತಿನಲ್ಲೇ. ಕವಿತೆಯಲ್ಲಿ ಪ್ರೀತಿಯೇ ಮನೆಯ ಯಜಮಾನ. ಬಂದ ಅತಿಥಿ ನಾನು ಯೋಗ್ಯನಲ್ಲ ಎಂದು ಬಾಗಿಲಲ್ಲೇ ಹಿಂಜರಿಯುತ್ತಾನೆ. ಪ್ರೀತಿ ಅವನ ಕೈ ಹಿಡಿದು ಒಳಗೆ ಕರೆಯುತ್ತದೆ, ನೆಪಗಳಿಗೆಲ್ಲ ಒಂದೊಂದಾಗಿ ಉತ್ತರ ಕೊಡುತ್ತದೆ, ಕೂರು, ಊಟ ಮಾಡು ಅನ್ನುತ್ತದೆ. ಕೊನೆಯ ಸಾಲಿನಲ್ಲಿ ಅವನು ಕೂತು ಊಟ ಮಾಡುತ್ತಾನೆ.